ಎಣಿಕೆಗೆ ಮೀರಿದುದು ಅರಿವಿಗೆ ಮೀರಿದುದಲ್ಲ

ದೊಡ್ಡ ಸಂಖ್ಯೆಯನ್ನು ಕಂಡಾಗ ಮನುಷ್ಯನಲ್ಲಿ ಸಾಮಾನ್ಯವಾಗಿ ಎರಡು ಭಾವಗಳು ಮೂಡುತ್ತವೆ. ಒಂದು ಬೆರಗು, ಇನ್ನೊಂದು ಭಯ. ಮುಂಬಯಿಯಂತಹ ಮಹಾನಗರದಲ್ಲಿ ಬೆಳೆಯುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ ದೊಡ್ಡ ಸಂಖ್ಯೆಗಳೇನೂ ಅಪರಿಚಿತವಲ್ಲ. ಇಲ್ಲಿ ಜನರನ್ನು ಲೆಕ್ಕ ಹಾಕುವುದು ಕೋಟಿಗಳಲ್ಲಿ, ಮನೆಗಳಿಗೆ ಬೆಲೆ ಕಟ್ಟುವುದೂ ಕೋಟಿಗಳಲ್ಲಿ. ದಿನವೂ ಕಿವಿಯ ಮೇಲೆ ಬೀಳುವ ಈ ಕೋಟಿಗಳನ್ನು ನಾವು ಕೇಳಿ ಬಿಡುತ್ತೇವೆಯೇ ಹೊರತು ಅವುಗಳೊಡನೆ ಮಾತನಾಡುವ ಸಾಹಸಕ್ಕೆ ಕೈಹಾಕುವುದಿಲ್ಲ. ಗಣಿತದ ಪುಸ್ತಕದಲ್ಲಿ ಎಂಟು ಹತ್ತು ಅಂಕಿಗಳ ಸಂಖ್ಯೆಯೊಂದು ಎದುರಾದರೆ ಲೇಖನಿಯನ್ನು ಕೆಳಗಿಟ್ಟು ಯಂತ್ರವನ್ನು ಅರಸುತ್ತೇವೆ. ಈ ರೂಢಿ ಒಳ್ಳೆಯದಲ್ಲವೆಂಬುದು ನಮ್ಮ ಅಭಿಪ್ರಾಯ. ಒಂದು ಸಂಖ್ಯೆಯನ್ನು ಎಣಿಸಿ ಮುಗಿಸಲು ಮನುಷ್ಯನ ಆಯುಷ್ಯ ಸಾಲದಿರಬಹುದು. ಆದರೆ ಅದರ ಗುಣಗಳನ್ನು ತಿಳಿಯಲು ಒಂದು ಸಂಜೆಯ ವೇಳೆ, ಒಂದು ಹಾಳೆ ಕಾಗದ ಸಾಕಾಗಬಹುದು. ಈ ಮಾತಿಗೆ ನಿದರ್ಶನವಾಗಿ ಒಂದೇ ಒಂದು ಸಂಖ್ಯೆಯನ್ನು ವಿದ್ಯಾರ್ಥಿಗಳ ಮುಂದಿಡುತ್ತೇವೆ.

ಚದುರಂಗದ ಆಟವನ್ನು ಕಂಡುಹಿಡಿದವನ ಕಥೆಯನ್ನು ಬಹುಮಂದಿ ಕೇಳಿರುವಿರಿ. ಮೆಚ್ಚಿದ ಅರಸನು ಬೇಕಾದುದನ್ನು ಕೇಳೆಂದಾಗ, ಹಾಸಿನ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಯಿಂದ ಮನೆಗೆ ಇಮ್ಮಡಿಸುತ್ತ 64 ಮನೆಗಳಿಗೂ ಕಾಳು ಕೊಡಬೇಕೆಂದು ಅವನು ಬೇಡಿದನಂತೆ. ಕಾಳು ಗೋಧಿಯೆಂದು ಕೆಲವರು, ಅಕ್ಕಿಯೆಂದು ಕೆಲವರು. ಅರಸನು ನಕ್ಕು ಒಪ್ಪಿದನು. ಲೆಕ್ಕದವರು ಲೆಕ್ಕ ಮಾಡಿದ ಮೇಲೆ ಆ ನಗೆ ಉಳಿಯಲಿಲ್ಲ. ಕಥೆ ನಿಜವೋ ಕಟ್ಟಿದುದೋ, ಲೆಕ್ಕ ಮಾತ್ರ ನಿಜ. ಒಟ್ಟು ಕಾಳುಗಳು 1,84,46,74,40,73,70,95,51,615. ಎಂದರೆ 2ರ 64ನೆಯ ಘಾತಕ್ಕೆ ಒಂದು ಕಡಿಮೆ.

ಇಪ್ಪತ್ತು ಅಂಕಿಗಳ ಈ ಸಂಖ್ಯೆಯನ್ನು ಕನ್ನಡದಲ್ಲಿ ಓದಲು ಸಾಧ್ಯವೇ ಎಂದು ಯಾರಾದರೂ ಕೇಳಿದರೆ ಸಂಕೋಚಪಡಬೇಕಾಗಿಲ್ಲ. ಒಂದು ಲಕ್ಷದ ಎಂಬತ್ತನಾಲ್ಕು ಸಾವಿರದ ನಾನೂರ ಅರವತ್ತೇಳು ಕೋಟಿ ಕೋಟಿ, ನಲವತ್ತನಾಲ್ಕು ಲಕ್ಷದ ಏಳು ಸಾವಿರದ ಮುನ್ನೂರ ಎಪ್ಪತ್ತು ಕೋಟಿ, ತೊಂಬತ್ತೈದು ಲಕ್ಷದ ಐವತ್ತೊಂದು ಸಾವಿರದ ಆರುನೂರ ಹದಿನೈದು. ಇನ್ನೂ ಚಿಕ್ಕದಾಗಿ ಹೇಳಬೇಕೆಂದರೆ ನಮ್ಮ ಹಿರಿಯರನ್ನೇ ಕೇಳಬಹುದು. ನೃಪತುಂಗನೆಂದು ಪ್ರಸಿದ್ಧನಾದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೆಯ ಶತಮಾನದ ನಡುವೆ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ಅದರಲ್ಲಿ ಏಕ, ದಶ, ಶತದಿಂದ ಆರಂಭಿಸಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರುಗಳಿವೆ. ಇಪ್ಪತ್ತನೆಯ ಸ್ಥಾನದ ಹೆಸರು ಮಹಾಶಂಖ. ನಮ್ಮ ಸಂಖ್ಯೆಯ ಮೊದಲ ಅಂಕಿಯಾದ 1 ನಿಂತಿರುವುದು ಈ ಮಹಾಶಂಖದ ಸ್ಥಾನದಲ್ಲಿ. ಸಂಖ್ಯೆಗೆ ಇಪ್ಪತ್ತು ಅಂಕಿಗಳಿದ್ದರೂ ಮಹಾವೀರನ ಪಟ್ಟಿಯಲ್ಲಿ ಇನ್ನೂ ನಾಲ್ಕು ಸ್ಥಾನಗಳು ಮಿಕ್ಕುತ್ತವೆ.

ಇದರ ಗಾತ್ರವನ್ನು ಕುರಿತು ಎರಡು ಮಾತು ಹೇಳಿ ಮುಂದುವರಿಯುತ್ತೇವೆ. ಒಂದು ಗ್ರಾಮಿಗೆ 40 ಅಕ್ಕಿಕಾಳುಗಳೆಂದು ಸ್ಥೂಲವಾಗಿ ಹಿಡಿದರೆ ಕಾಳುಗಳ ತೂಕ 46,000 ಕೋಟಿ ಟನ್ನುಗಳನ್ನು ಮೀರುತ್ತದೆ. ಲೋಕವೆಲ್ಲ ಸೇರಿ ವರ್ಷಕ್ಕೆ 50 ಕೋಟಿ ಟನ್ನು ಅಕ್ಕಿಯನ್ನು ಬೆಳೆಯುತ್ತದೆಯೆಂದು ಎಣಿಸಿದರೂ ಅರಸನ ಸಾಲ ತೀರಲು 900 ವರ್ಷಗಳು ಸಾಲವು. ಫ್ರಾನ್ಸಿನ ಗಣಿತಜ್ಞ ಎಡ್ವರ್ಡ್ ಲೂಕಾ 1883ರಲ್ಲಿ ಒಂದು ಆಟಿಕೆಯನ್ನು ಪ್ರಕಟಿಸಿದನು. ಮೂರು ಕಂಬಗಳು, ಒಂದರಲ್ಲಿ ಏರಿಸಿದ ಬಿಲ್ಲೆಗಳು. ಒಂದು ಸಲಕ್ಕೆ ಒಂದೇ ಬಿಲ್ಲೆಯನ್ನು ಎತ್ತಬೇಕು, ಸಣ್ಣದರ ಮೇಲೆ ದೊಡ್ಡದನ್ನು ಇಡಬಾರದು. ಬಿಲ್ಲೆಗಳು 64 ಇದ್ದರೆ ಎಲ್ಲವನ್ನೂ ಇನ್ನೊಂದು ಕಂಬಕ್ಕೆ ಸಾಗಿಸಲು ಬೇಕಾಗುವ ಕನಿಷ್ಠ ನಡೆಗಳ ಸಂಖ್ಯೆಯೂ ಇದೇ. ಸೆಕೆಂಡಿಗೊಂದು ನಡೆಯಂತೆ ಅದು ಸುಮಾರು 58,000 ಕೋಟಿ ವರ್ಷಗಳ ಕೆಲಸ. ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷಗಳೆಂದು ಇಂದಿನ ವಿಜ್ಞಾನ ಹೇಳುತ್ತದೆ.

ಬಹಳ ಮಂದಿ ಇಷ್ಟು ಕೇಳಿ ಅಬ್ಬಾ ಎಂದು ಸುಮ್ಮನಾಗುತ್ತಾರೆ. ನಿಜವಾದ ಗಣಿತ ಆರಂಭವಾಗುವುದೇ ಇಲ್ಲಿಂದ ಎಂಬುದು ನಮ್ಮ ನಂಬಿಕೆ.

ಮೊದಲು ಈ ಸಂಖ್ಯೆಯನ್ನು ಪಡೆಯುವ ದಾರಿಯನ್ನು ನೋಡೋಣ. ಅರವತ್ತು ಸಲಕ್ಕೂ ಹೆಚ್ಚಾಗಿ ಇಮ್ಮಡಿಸುತ್ತ ಹೋಗುವುದು ಒಂದು ದಾರಿ. ಅದಕ್ಕಿಂತ ಹತ್ತಿರದ ದಾರಿಯನ್ನು ನಮ್ಮ ಛಂದಶ್ಶಾಸ್ತ್ರದ ಆಚಾರ್ಯನಾದ ಪಿಂಗಳನು ತೋರಿಸಿದ್ದಾನೆ. ಪದ್ಯದ ಪಾದದಲ್ಲಿ ಪ್ರತಿಯೊಂದು ಅಕ್ಷರವೂ ಲಘುವಾಗಿರಬಹುದು ಅಥವಾ ಗುರುವಾಗಿರಬಹುದು. ಆದುದರಿಂದ ಒಂದು ಅಕ್ಷರಕ್ಕೆ 2 ರೂಪ, ಎರಡಕ್ಕೆ 4, ಮೂರಕ್ಕೆ 8. ಇಷ್ಟು ಅಕ್ಷರಗಳಿಗೆ ಎಷ್ಟು ರೂಪಗಳೆಂಬುದನ್ನು ಬೇಗನೆ ತಿಳಿಯಲು, ಅಕ್ಷರಗಳ ಸಂಖ್ಯೆ ಸಮವಾಗಿದ್ದರೆ ಅದನ್ನು ಅರ್ಧ ಮಾಡಿ, ಆ ಅರ್ಧಕ್ಕೆ ಬಂದ ಫಲವನ್ನು ವರ್ಗ ಮಾಡಬೇಕೆಂಬುದು ಪಿಂಗಳನ ಉಪಾಯ. 64ನ್ನು ಅರ್ಧಿಸುತ್ತ ಹೋದರೆ 32, 16, 8, 4, 2, 1. ಹಿಂತಿರುಗಿ ಬರುವಾಗ 2ನ್ನು ವರ್ಗ ಮಾಡಿದರೆ 4, ಅದರ ವರ್ಗ 16, ಅದರ ವರ್ಗ 256, ಅದರ ವರ್ಗ 65,536, ಅದರ ವರ್ಗ 429,49,67,296, ಅದರ ವರ್ಗವೇ 2ರ 64ನೆಯ ಘಾತ. ಆರೇ ಗುಣಾಕಾರಗಳಲ್ಲಿ ಕೆಲಸ ಮುಗಿಯಿತು. ಲಘು ಗುರುಗಳನ್ನು ಪ್ರಸ್ತಾರ ಹಾಕುವ ಕನ್ನಡದ ಪಾಠಕ್ಕೂ ಗಣಿತದ ಪಾಠಕ್ಕೂ ನಡುವೆ ಗೋಡೆಯಿದೆಯೆಂದು ಭಾವಿಸುವವರು ಇದನ್ನು ನೆನಪಿಡಬೇಕು. ಈ ಆರು ಮೆಟ್ಟಿಲುಗಳನ್ನು ಮರೆಯದಿರಿ; ಇವು ಮುಂದೆಯೂ ಬರುತ್ತವೆ.

ಇನ್ನು ಭಾಜಕಗಳ ವಿಚಾರ. ನಮ್ಮ ಸಂಖ್ಯೆಯ ಕೊನೆಯ ಅಂಕಿ 5. ಆದುದರಿಂದ ಅದನ್ನು 5 ಭಾಗಿಸುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 87. ಆದುದರಿಂದ 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. ಇದು ಐದಾರನೆಯ ತರಗತಿಯ ಪಾಠ. ಆದರೆ ಸಂಖ್ಯೆಯನ್ನು ಬರೆದುಕೊಳ್ಳದೆಯೇ, ಚದುರಂಗದ ಹಾಸನ್ನು ಮಾತ್ರ ನೋಡಿ ಇದೆಲ್ಲವನ್ನೂ ಹೇಳಬಹುದು.

ಮೊದಲ ಎರಡು ಮನೆಗಳಲ್ಲಿ 1 ಮತ್ತು 2, ಒಟ್ಟು 3 ಕಾಳುಗಳು. ಮುಂದಿನ ಎರಡರಲ್ಲಿ 4 ಮತ್ತು 8, ಒಟ್ಟು 12. ಅದರ ಮುಂದೆ 16 ಮತ್ತು 32, ಒಟ್ಟು 48. ಹೀಗೆ ಪ್ರತಿಯೊಂದು ಜೋಡಿಯ ಮೊತ್ತವೂ 3ರಿಂದ ಭಾಗವಾಗುತ್ತದೆ. ಹಾಸಿನಲ್ಲಿ ಒಂಟಿಯಾಗಿ ಉಳಿಯುವ ಮನೆಯೇ ಇಲ್ಲವಾದುದರಿಂದ ಇಡೀ ಮೊತ್ತವೂ 3ರಿಂದ ಭಾಗವಾಗುತ್ತದೆ. ನಾಲ್ಕು ನಾಲ್ಕು ಮನೆಗಳನ್ನು ಸೇರಿಸಿ ನೋಡಿದರೆ ಮೊದಲ ಗುಂಪಿನ ಮೊತ್ತ 15, ಎಂದರೆ 3 × 5. ಒಂದು ಪೂರ್ತಿ ಸಾಲಿನ ಎಂಟು ಮನೆಗಳ ಮೊತ್ತ 255, ಎಂದರೆ 15 × 17. ಎರಡು ಸಾಲುಗಳದು 65,535, ಎಂದರೆ 255 × 257. ನಾಲ್ಕು ಸಾಲುಗಳು, ಎಂದರೆ ಅರ್ಧ ಹಾಸು, 429,49,67,295. ಇದು 65,535 × 65,537. ಪೂರ್ಣ ಹಾಸು ಆ ಅರ್ಧದ ಮೊತ್ತಕ್ಕೆ 429,49,67,297 ಪಟ್ಟು. ಪ್ರತಿ ಸಲವೂ ಹೊಸದಾಗಿ ಬಂದ ಗುಣಕವನ್ನು ಗಮನಿಸಿ: 3, 5, 17, 257, 65,537, 429,49,67,297. ಇವು ಪಿಂಗಳನ ಮೆಟ್ಟಿಲುಗಳಾದ 2, 4, 16, 256, 65,536, 429,49,67,296 ಎಂಬುವಕ್ಕೆ ಒಂದೊಂದನ್ನು ಕೂಡಿಸಿದುವೇ ಆಗಿವೆ. ವರ್ಗಗಳ ವ್ಯತ್ಯಾಸದ ಸೂತ್ರವನ್ನು ಬಲ್ಲ ವಿದ್ಯಾರ್ಥಿಗೆ ಇದರ ಕಾರಣ ಕೂಡಲೇ ಹೊಳೆದೀತು. ಹಾಸಿನ ಮೇಲೆ ಅದೇ ಸೂತ್ರ ಕಣ್ಣಿಗೆ ಕಾಣುವಂತೆ ಹರಡಿಕೊಂಡಿದೆ.

ಈ ಆರು ಗುಣಕಗಳಲ್ಲಿ ಮೊದಲ ಐದು ಅವಿಭಾಜ್ಯ ಸಂಖ್ಯೆಗಳು. ಹದಿನೇಳನೆಯ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ಇವನ್ನು ಕಂಡು, ಈ ಸರಣಿಯಲ್ಲಿ ಬರುವ ಸಂಖ್ಯೆಗಳೆಲ್ಲವೂ ಅವಿಭಾಜ್ಯವೆಂದೇ ನಂಬಿದನು. ಅವನು ಸಾಮಾನ್ಯನಲ್ಲ, ಆ ಕಾಲದ ಅಗ್ರಗಣ್ಯರಲ್ಲಿ ಒಬ್ಬನು. ಆದರೂ ಆ ನಂಬಿಕೆಯನ್ನು ಆರನೆಯ ಸಂಖ್ಯೆಯೇ ಮುರಿಯಿತು. 1732ರಲ್ಲಿ ಆಯ್ಲರ್ ಎಂಬ ಗಣಿತಜ್ಞನು 429,49,67,297 ಎಂಬುದು 641 × 67,00,417 ಎಂದು ತೋರಿಸಿದನು. ಇದರ ಪ್ರತಿಯೊಂದು ಅವಿಭಾಜ್ಯ ಭಾಜಕವೂ 64ರ ಯಾವುದೋ ಒಂದು ಮಡಿಗಿಂತ ಒಂದು ಹೆಚ್ಚಾಗಿರಬೇಕೆಂಬ ನಿಯಮವನ್ನೂ ಅವನೇ ಸಾಧಿಸಿದನು. ಆ ನಿಯಮವನ್ನು ಬಲ್ಲವನು ಪರೀಕ್ಷಿಸಬೇಕಾದ ಅವಿಭಾಜ್ಯಗಳು 193, 257, 449, 577, ಅನಂತರ 641. ಐದನೆಯ ಪ್ರಯತ್ನಕ್ಕೆ ಗುಟ್ಟು ರಟ್ಟಾಗುತ್ತದೆ. ಐದು ಸಲ ಸರಿಬಂದುದು ಆರನೆಯ ಸಲವೂ ಸರಿಬರುತ್ತದೆಯೆಂದು ನಂಬುವುದು ಲೋಕರೂಢಿ; ಸಾಧನೆಯನ್ನು ಕೇಳುವುದು ಗಣಿತದ ರೂಢಿ.

ಆ ಸಾಧನೆಯನ್ನು ಉದ್ದವಾದ ಭಾಗಾಕಾರವಿಲ್ಲದೆ ಹತ್ತನೆಯ ತರಗತಿಯ ವಿದ್ಯಾರ್ಥಿಯೂ ಮಾಡಬಹುದು. 641 ಎಂಬುದನ್ನು ಎರಡು ರೀತಿಯಲ್ಲಿ ಬರೆಯಿರಿ: 640 + 1 ಎಂದು ಒಮ್ಮೆ, 625 + 16 ಎಂದು ಇನ್ನೊಮ್ಮೆ. 640 ಎಂದರೆ 5ನ್ನು 2ರ 7ನೆಯ ಘಾತದಿಂದ ಗುಣಿಸಿದುದು. ಆದುದರಿಂದ 640ರ ನಾಲ್ಕನೆಯ ಘಾತವು 625ನ್ನು 2ರ 28ನೆಯ ಘಾತದಿಂದ ಗುಣಿಸಿದುದಕ್ಕೆ ಸಮ. ಅದರಲ್ಲಿ 1ನ್ನು ಕಳೆದರೆ ಉಳಿಯುವುದನ್ನು 640 + 1 ಶೇಷವಿಲ್ಲದೆ ಭಾಗಿಸುತ್ತದೆ. ಇದೂ ವರ್ಗಗಳ ವ್ಯತ್ಯಾಸದ ಸೂತ್ರವೇ. ಇದು ಮೊದಲನೆಯ ಸಂಖ್ಯೆ. ಈಗ 641ನ್ನೇ 2ರ 28ನೆಯ ಘಾತದಿಂದ ಗುಣಿಸಿರಿ. 625 + 16 ಎಂಬ ರೂಪವನ್ನು ಬಳಸಿದರೆ, 625ರಿಂದ ಮೊದಲಿನ ಮೊತ್ತವೇ ಬರುತ್ತದೆ, 16ರಿಂದ 2ರ 32ನೆಯ ಘಾತ ಬರುತ್ತದೆ. ಇದು ಎರಡನೆಯ ಸಂಖ್ಯೆ. ಇದನ್ನೂ 641 ಭಾಗಿಸುತ್ತದೆ. ಎರಡನೆಯದರಿಂದ ಮೊದಲನೆಯದನ್ನು ಕಳೆದರೆ ಉಳಿಯುವುದು 2ರ 32ನೆಯ ಘಾತ ಮತ್ತು ಒಂದು, ಎಂದರೆ 429,49,67,297. ಎರಡನ್ನೂ ಭಾಗಿಸುವ 641 ಅವುಗಳ ವ್ಯತ್ಯಾಸವನ್ನು ಭಾಗಿಸದೆ ಬಿಡುವುದೇ?

ಹೀಗೆ ನಮ್ಮ ಮಹಾಸಂಖ್ಯೆ 3, 5, 17, 257, 641, 65,537, 67,00,417 ಎಂಬ ಏಳು ಅವಿಭಾಜ್ಯಗಳ ಗುಣಲಬ್ಧವೆಂದು ಸಿದ್ಧವಾಯಿತು. ಯಾವುದೂ ಎರಡು ಸಲ ಬಂದಿಲ್ಲ. ಪ್ರತಿಯೊಂದನ್ನೂ ಸೇರಿಸಬಹುದು ಅಥವಾ ಬಿಡಬಹುದು. ಮತ್ತೆ ಲಘು ಗುರುಗಳ ಲೆಕ್ಕವೇ ಬಂದಿತು. ಆದುದರಿಂದ ಇದರ ಭಾಜಕಗಳ ಸಂಖ್ಯೆ 2ರ 7ನೆಯ ಘಾತ, ಎಂದರೆ 128. ಅರ್ಧ ಹಾಸಿನ ಮೊತ್ತಕ್ಕೂ ಒಂದು ಕೀರ್ತಿಯಿದೆ. ಹದಿನೇಳು ಸಮಬಾಹುಗಳ ಆಕೃತಿಯನ್ನು ಅಳತೆಪಟ್ಟಿಯ ಅಂಚು ಮತ್ತು ಕೈವಾರ ಇವೆರಡರಿಂದಲೇ ರಚಿಸಬಹುದೆಂದು 1796ರಲ್ಲಿ ಗೌಸನು ತೋರಿಸಿದನು. ಬೆಸ ಬಾಹುಗಳುಳ್ಳ ಸಮಾಕೃತಿಗಳಲ್ಲಿ ಹೀಗೆ ರಚಿಸಬಹುದೆಂದು ಇಂದಿನವರೆಗೆ ತಿಳಿದುಬಂದಿರುವುವು 31 ಮಾತ್ರ. 3, 5, 17, 257, 65,537 ಇವುಗಳಿಂದ ಕಟ್ಟಿದ ಗುಣಲಬ್ಧಗಳೇ ಆ 31. ಅವುಗಳಲ್ಲಿ ಅತಿ ದೊಡ್ಡದು ಅರ್ಧ ಹಾಸಿನ 429,49,67,295.

ಇಷ್ಟು ಸುಲಭವಾಗಿ ಬಿಡಿಸಿಕೊಂಡ ಈ ಸಂಖ್ಯೆಗೆ ಎರಡನ್ನು ಕೂಡಿಸಿ ನೋಡಿ. ಆಗ ಬರುವುದು 2ರ 64ನೆಯ ಘಾತ ಮತ್ತು ಒಂದು. ಫರ್ಮಾನ ಸರಣಿಯಲ್ಲಿ ಏಳನೆಯದು. ಇದರ ಎದುರಿಗೆ ಚದುರಂಗದ ಹಾಸು ನೆರವಾಗುವುದಿಲ್ಲ. ಆಯ್ಲರನು ಆರನೆಯದನ್ನು ಒಡೆದ ಮೇಲೆ ಇದರ ಭಾಜಕವೊಂದನ್ನು ಕಾಣಲು ಇನ್ನೂ ನೂರಕ್ಕೂ ಹೆಚ್ಚು ವರ್ಷಗಳು ಬೇಕಾದುವು. 1880ರಲ್ಲಿ ಲಾಂಡ್ರಿ ಎಂಬ ಫ್ರೆಂಚ್ ಗಣಿತಜ್ಞನು 2,74,177 ಇದನ್ನು ಭಾಗಿಸುತ್ತದೆಯೆಂದು ಪ್ರಕಟಿಸಿದನು. ಎರಡು ಸಂಖ್ಯೆಗಳ ನಡುವಣ ಅಂತರ ಎರಡೇ. ಗಾತ್ರದಲ್ಲಿ ಅವು ಅವಳಿಗಳು, ಸ್ವಭಾವದಲ್ಲಿ ಮಾತ್ರ ಒಂದಕ್ಕೊಂದು ಅಪರಿಚಿತರು. ಸಂಖ್ಯೆಯ ಕಾಠಿಣ್ಯವನ್ನು ಅದರ ಉದ್ದದಿಂದ ಅಳೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇದನ್ನೆಲ್ಲ ಯಂತ್ರವೇ ಮಾಡುವಾಗ ನಾವೇಕೆ ತಲೆ ಕೆಡಿಸಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಯಂತ್ರವನ್ನು ನಾವು ಹಳಿಯುವುದಿಲ್ಲ. ಇಂದಿನ ಕಂಪ್ಯೂಟರುಗಳು 64 ಸ್ಥಾನಗಳಲ್ಲಿ ಸೊನ್ನೆ ಅಥವಾ ಒಂದನ್ನು ಇರಿಸಿ ಸಂಖ್ಯೆಗಳನ್ನು ಬರೆದುಕೊಳ್ಳುತ್ತವೆ. ಋಣ ಚಿಹ್ನೆಯಿಲ್ಲದೆ ಹಾಗೆ ಬರೆಯಬಲ್ಲ ಅತಿ ದೊಡ್ಡ ಪೂರ್ಣಾಂಕ ನಮ್ಮ ಈ ಸಂಖ್ಯೆಯೇ. ಆದರೆ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 2ರ 64ನೆಯ ಘಾತವನ್ನು ಕೇಳಿ ನೋಡಿ. ಮೊದಲ ಎಂಟೋ ಹತ್ತೋ ಅಂಕಿಗಳನ್ನು ತೋರಿಸಿ ಉಳಿದುದನ್ನು ಅದು ನುಂಗಿಕೊಳ್ಳುತ್ತದೆ. ಒಂದನ್ನು ಕಳೆದರೂ ಅದೇ ಉತ್ತರ, ಒಂದನ್ನು ಕೂಡಿಸಿದರೂ ಅದೇ ಉತ್ತರ. ನಡುವಿನ ಸಂಖ್ಯೆಯನ್ನು 2ರ ಹೊರತು ಬೇರೆ ಯಾವ ಅವಿಭಾಜ್ಯವೂ ಭಾಗಿಸದು, ಹಿಂದಿನದನ್ನು ಏಳು ಅವಿಭಾಜ್ಯಗಳು ಭಾಗಿಸುತ್ತವೆ, ಮುಂದಿನದನ್ನು ಎರಡೇ. ಈ ಮೂರೂ ಯಂತ್ರದ ಗಾಜಿನ ಮೇಲೆ ಒಂದೇ ಆಗಿ ತೋರುತ್ತವೆ. ಏನನ್ನು ಕೇಳಬೇಕೆಂದು ತಿಳಿದವನಿಗೆ ಮಾತ್ರ ಯಂತ್ರವು ಸೇವಕನಾಗುತ್ತದೆ. 2ರ ಘಾತಗಳ ಕೊನೆಯ ಅಂಕಿಗಳು 2, 4, 8, 6 ಎಂದು ಸುತ್ತುತ್ತವೆ, 64 ನಾಲ್ಕರಿಂದ ಭಾಗವಾಗುತ್ತದೆ, ಆದುದರಿಂದ ಕೊನೆಯ ಅಂಕಿ 6 ಎಂದು ತಿಳಿದ ಹುಡುಗಿ, ಕ್ಯಾಲ್ಕುಲೇಟರು ಮುಚ್ಚಿಟ್ಟುದನ್ನು ಮನಸ್ಸಿನಲ್ಲಿಯೇ ಕಾಣಬಲ್ಲಳು.

ಇದರಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರಿಗೂ ಉತ್ತರವಿದೆ. ಚದುರಂಗದ ಹಾಸಿನಲ್ಲಿ ಯಾವ ಮನೆಯನ್ನು ನೋಡಿದರೂ ಅದರಲ್ಲಿರುವ ಕಾಳುಗಳು ಅದರ ಹಿಂದಿನ ಮನೆಗಳೆಲ್ಲದರ ಮೊತ್ತಕ್ಕಿಂತ ಒಂದು ಹೆಚ್ಚು. 1, 2, 4 ಇವುಗಳ ಮೊತ್ತ 7. ನಾಲ್ಕನೆಯ ಮನೆಯಲ್ಲಿ 8. ಕೊನೆಯ ಮನೆಯವರೆಗೂ ಹೀಗೆಯೇ. ಈಗ ಈ ನಗರದಲ್ಲಿ ಆಗಾಗ ಕೇಳಿಬರುವ ಒಂದು ಆಮಿಷವನ್ನು ನೆನೆಯಿರಿ. ನೀವು ಹಣ ಕಟ್ಟಿರಿ, ಇನ್ನಿಬ್ಬರನ್ನು ಸೇರಿಸಿರಿ, ಅವರು ಇಬ್ಬಿಬ್ಬರನ್ನು ಸೇರಿಸಲಿ, ನಿಮ್ಮ ಹಣ ಬೆಳೆಯುತ್ತದೆ ಎಂದು ಯಾರೋ ಬಂದು ನಂಬಿಸುತ್ತಾರೆ. ಇದು ಚದುರಂಗದ ಕಾಳುಗಳ ಲೆಕ್ಕವಲ್ಲದೆ ಬೇರೇನೂ ಅಲ್ಲ. ಈ ಸರಪಳಿ 31 ಮೆಟ್ಟಿಲು ಇಳಿಯುವಷ್ಟರಲ್ಲಿ 214 ಕೋಟಿ ಜನ ಬೇಕು. ನಮ್ಮ ದೇಶದಲ್ಲಿಯೇ ಅಷ್ಟು ಜನರಿಲ್ಲ. 33ನೆಯ ಮೆಟ್ಟಿಲಿಗೆ 858 ಕೋಟಿ, ಭೂಮಂಡಲದಲ್ಲಿಯೂ ಇಲ್ಲ. ಅದಕ್ಕಿಂತಲೂ ಕ್ರೂರವಾದುದು ಇನ್ನೊಂದಿದೆ. ಸರಪಳಿ ಯಾವ ಮೆಟ್ಟಿಲಿನಲ್ಲಿ ಕಡಿದರೂ, ಕೊನೆಯ ಮೆಟ್ಟಿಲಿನವರು ಒಟ್ಟು ಜನರಲ್ಲಿ ಅರ್ಧಕ್ಕಿಂತ ಹೆಚ್ಚು. ಅವರಲ್ಲಿ ಯಾರಿಗೂ ಏನೂ ಬರುವುದಿಲ್ಲ. ಯಾರೋ ಒಬ್ಬನ ಮೋಸದಿಂದ ಮಾತ್ರ ಆಗುವ ನಷ್ಟವಲ್ಲ ಇದು. ನಡೆಸುವವನು ಎಷ್ಟೇ ಸತ್ಯವಂತನಾಗಿದ್ದರೂ ಸಂಖ್ಯೆಯ ಗುಣವೇ ಅರ್ಧಕ್ಕಿಂತ ಹೆಚ್ಚು ಜನರನ್ನು ಮುಳುಗಿಸುತ್ತದೆ. ಇಂತಹ ಹಣದ ಸರಪಳಿಗಳನ್ನು ನಮ್ಮ ದೇಶದಲ್ಲಿ 1978ರ ಕಾಯಿದೆ ನಿಷೇಧಿಸಿದೆ. ಆದರೆ ಕಾಯಿದೆಯು ನಷ್ಟವಾದ ಮೇಲೆ ನೆರವಿಗೆ ಬರುತ್ತದೆ. ಗಣಿತವು ಅದಕ್ಕೆ ಮೊದಲೇ ಬರುತ್ತದೆ. ಹೋಟೆಲಿನಲ್ಲಿಯೋ ಗಿರಣಿಯಲ್ಲಿಯೋ ದುಡಿದು ಕೂಡಿಟ್ಟ ತಂದೆಯ ಹಣ ಇಂತಹ ಬಾಯಿಗೆ ಬೀಳುವ ಮೊದಲು, ಎಂಟನೆಯ ತರಗತಿಯ ಮಗನೋ ಮಗಳೋ ಊಟದ ಹೊತ್ತಿನಲ್ಲಿ, ಅಪ್ಪಾ, ಇದರ ಲೆಕ್ಕ ಹೀಗೆ ಎಂದು ಕಾಗದದ ಮೇಲೆ ಬರೆದು ತೋರಿಸಿದರೆ, ಆ ಮನೆಗೆ ಅದಕ್ಕಿಂತ ದೊಡ್ಡ ವಿದ್ಯೆ ಯಾವುದು?

ಕೊನೆಗೆ ಭಾಷೆಯ ಮಾತೊಂದಿದೆ. ಕನ್ನಡ ಮಾಧ್ಯಮದ ಮಕ್ಕಳು ಮುಂದೆ ಕಾಲೇಜಿಗೆ ಹೋದಾಗ ಗಣಿತದಲ್ಲಿ ಹಿಂದೆ ಬೀಳುವರೆಂಬ ಅಂಜಿಕೆ ಅನೇಕ ತಾಯಿತಂದೆಗಳಲ್ಲಿದೆ, ಮಕ್ಕಳಲ್ಲಿಯೂ ಇದೆ. ಅಲ್ಲಿ ಅಪವರ್ತನವು ಫ್ಯಾಕ್ಟರ್ ಆಗುತ್ತದೆ, ಅವಿಭಾಜ್ಯವು ಪ್ರೈಮ್ ಆಗುತ್ತದೆ, ಘಾತವು ಪವರ್ ಆಗುತ್ತದೆ. ಈ ಹೆಸರುಗಳನ್ನು ಕಲಿಯಲು ಕೆಲವು ವಾರಗಳ ಶ್ರಮ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 641 ಏಕೆ ಭಾಗಿಸುತ್ತದೆಯೆಂದು ಕನ್ನಡದಲ್ಲಿ ಅರಿತವನು ಅದನ್ನು ಯಾವ ಭಾಷೆಯಲ್ಲಿಯಾದರೂ ಹೇಳಬಲ್ಲನು. ಅರಿಯದವನಿಗೆ ಯಾವ ಭಾಷೆಯೂ ನೆರವಾಗದು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದನು. ಗಣಿತಕ್ಕೆ ಕನ್ನಡ ಹೊಸದಲ್ಲ, ಕನ್ನಡಕ್ಕೆ ಗಣಿತವೂ ಹೊಸದಲ್ಲ.

ಆದುದರಿಂದ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಪರೀಕ್ಷೆಗಳು ಮುಗಿದ ಮೇಲೆ, ರಜೆಯಲ್ಲಿ, ಒಬ್ಬೊಬ್ಬರು ಒಂದೊಂದು ದೊಡ್ಡ ಸಂಖ್ಯೆಯನ್ನು ಆರಿಸಿಕೊಳ್ಳಿರಿ. ಹೊಸ ಪುಸ್ತಕವೊಂದರ ಮೊದಲ ಪುಟದಲ್ಲಿ ಅದನ್ನು ಬರೆಯಿರಿ. ಅದನ್ನು ಯಾವುದು ಭಾಗಿಸುತ್ತದೆ, ಯಾವುದು ಭಾಗಿಸುವುದಿಲ್ಲ, ಏಕೆ ಎಂದು ಕೆಳಗೆ ಬರೆಯುತ್ತ ಹೋಗಿರಿ. ‘ಏಕೆ’ ಎಂಬುದಕ್ಕೆ ಉತ್ತರ ದೊರೆಯದ ಕಡೆ ಜಾಗ ಬಿಟ್ಟು ಮುಂದೆ ನಡೆಯಿರಿ. ಮುಂದಿನ ತರಗತಿಯ ಗಣಿತ ಆ ಜಾಗವನ್ನು ತುಂಬೀತು. ಏನೂ ತೋಚದವರು ಈ ಮಹಾಸಂಖ್ಯೆಯಿಂದಲೇ ಆರಂಭಿಸಬಹುದು: ಇದನ್ನು 7ರಿಂದ ಭಾಗಿಸಿದರೆ ಶೇಷವೆಷ್ಟು? ಇಪ್ಪತ್ತು ಅಂಕಿಗಳನ್ನೂ ಭಾಗಿಸುತ್ತ ಕೂರಬೇಡಿರಿ. 2, 4, 8 ಇವುಗಳನ್ನು 7ರಿಂದ ಭಾಗಿಸಿ ಶೇಷಗಳನ್ನು ನೋಡಿರಿ. ಉತ್ತರವನ್ನು ನಾವು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳುವ ಸಂತೋಷ ನಿಮ್ಮದಾಗಲಿ.